ಜೆಲ್, ಸೂಜಿ, ಗಟ್ಟಿಂಗ್

ಈ ವಾರ ಬ್ಯಾಕ್‌ಹ್ಯಾಂಡ್ ಸ್ಲೈಸ್ ಬಗ್ಗೆ ಬರೆಯುವುದಿತ್ತು. ಅಷ್ಟರಲ್ಲಿ ಮೊಣಕೈ ಹಿಡಿದುಕೊಂಡು ಕೂತವರ ಪತ್ರಗಳು ಬಂದವು. ಎಲ್ಲರದೂ ಒಂದೇ ಪ್ರಶ್ನೆ: ಯಾವ ಜೆಲ್ ಹಚ್ಚಲಿ?

ಡೈಕ್ಲೋಫೆನಾಕ್ ಇರುವ ಯಾವುದಾದರೂ ನಡೆಯುತ್ತದೆ, ಬ್ರ್ಯಾಂಡಿನ ಜಗಳ ಬೇಡ. ಕೆಲವು ವಾರ ನೋವು ತಗ್ಗಬಹುದು. ನುಂಗುವ ಮಾತ್ರೆಗಿಂತ ಹೊಟ್ಟೆಗೂ ನೆಮ್ಮದಿ. ಗಾಯವಿದ್ದರೆ ಹಚ್ಚಬೇಡಿ. ಕಿಡ್ನಿ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಿ. ಜೆಲ್ಲಿನ ಕೆಲಸ ಅಲ್ಲಿಗೆ ಮುಗಿಯಿತು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುವಿನ ರಜ್ಜು ಮೊಣಕೈಯ ಹೊರಗಂಟಿಗೆ ಕೂಡುತ್ತದಲ್ಲ, ಹಳೆಯ ನೋವಿನಲ್ಲಿ ಅಲ್ಲಿ ಉರಿಯೂತ ಕಡಿಮೆ, ನಾರು ಹದಗೆಟ್ಟಿರುವುದೇ ಹೆಚ್ಚು. ಅದು ಗಟ್ಟಿಯಾಗಬೇಕಾದರೆ ಭಾರ ಹೊರಬೇಕು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಮಣಿಕಟ್ಟನ್ನು ಅಂಚಿನಾಚೆ ಬಿಡಿ. ಶುರುವಿಗೆ ಅರ್ಧ ಕಿಲೋ ಡಂಬೆಲ್ ಸಾಕು. ಇನ್ನೊಂದು ಕೈಯ ಆಸರೆಯಲ್ಲಿ ಎತ್ತಿ, ನೋಯುವ ಕೈಯೊಂದರಿಂದಲೇ ನಿಧಾನವಾಗಿ ಇಳಿಸಿ. ಎರಡು ಮೂರು ತಿಂಗಳು ಬೇಕು. ಫಿಸಿಯೊ ಎದುರು ಕಲಿತರೆ ಲೇಸು.

'ಒಂದು ಸ್ಟೀರಾಯ್ಡ್ ಚುಚ್ಚಿಸಿಕೋ, ಭಾನುವಾರದ ಡಬಲ್ಸ್‌ಗೆ ರೆಡಿ' ಎನ್ನುವ ಪಂಥದವರೊಂದಿಗೆ ನನ್ನದು ಹಳೆಯ ತಕರಾರು. ಬ್ರಿಸ್ಬೇನಿನಲ್ಲಿ 198 ಮಂದಿಯ ಮೇಲೆ ನಡೆದ ಅಧ್ಯಯನ 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆರನೇ ವಾರಕ್ಕೆ ಸೂಜಿಯವರೇ ಮುಂದು, ಒಪ್ಪಿದೆ. ಆಮೇಲೆ ಅವರಲ್ಲಿ ಬಹುಪಾಲು ಜನರಿಗೆ ನೋವು ಮರಳಿತು. ವರ್ಷ ತುಂಬುವಾಗ ಫಿಸಿಯೊ ಬಳಿ ಹೋದವರಿರಲಿ, ಸುಮ್ಮನೆ ಕಾದು ಕೂತವರೂ ಅವರಿಗಿಂತ ಚೆನ್ನಾಗಿದ್ದರು!

ಆದರೆ ಬರೆಯುತ್ತ ಹೋದಂತೆ ನನ್ನ ಸಿಟ್ಟೆಲ್ಲ ರಾಕೆಟ್ಟಿನ ತಂತಿ, ಅಂದರೆ ಗಟ್ಟಿಂಗ್ ಕಡೆಗೆ ತಿರುಗುತ್ತಿದೆ. 1997ರಲ್ಲಿ ಗುಸ್ತಾವೊ ಕುರ್ಟೆನ್ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ತಂತಿ ಹಾಕಿಸಿಕೊಂಡು ಫ್ರೆಂಚ್ ಓಪನ್ ಗೆದ್ದದ್ದೇ ನೆಪ, ಟೂರ್‌ಗೆ ಟೂರೇ ಪಾಲಿ ಹಿಂದೆ ಬಿತ್ತು. ಹಿಂದೆಯೇ ನಮ್ಮ ಕಬ್ಬನ್ ಪಾರ್ಕಿನ ಮುಂಜಾನೆ ಆಟಗಾರರೂ. ವೃತ್ತಿಪರರು ಪ್ರತಿ ಪಂದ್ಯಕ್ಕೂ ಹೊಸ ಗಟ್ಟಿಂಗ್ ಹಾಕಿಸುತ್ತಾರೆ. ನಾವು ಅದು ಹರಿಯುವವರೆಗೂ ಬಿಡುವುದಿಲ್ಲ, ಪಾಲಿ ಸುಲಭಕ್ಕೆ ಹರಿಯುವುದೂ ಇಲ್ಲ. ಬಿಗಿ ಬಿಟ್ಟು, ಪುಟಿತ ಸತ್ತ ಆ ಗಡಸು ತಂತಿಯ ಮೇಲೆ ಚೆಂಡು ಬಿದ್ದಾಗಲೆಲ್ಲ ಪೆಟ್ಟು ನೇರ ಮೊಣಕೈಗೆ.

ಅದನ್ನು ಇಂದೇ ಕತ್ತರಿಸಿ ಬಿಸಾಡಿ. ಮಲ್ಟಿಫಿಲಮೆಂಟ್ ಹಾಕಿಸಿ, ಟೆನ್ಷನ್ 50 ಪೌಂಡಿನ ಆಸುಪಾಸು ಸಾಕು. ಟಾಪ್‌ಸ್ಪಿನ್ ಸ್ವಲ್ಪ ತಗ್ಗೀತು. ಐವತ್ತು ದಾಟಿದವರ ಟಾಪ್‌ಸ್ಪಿನ್ನಿಗೆ ಎದುರಾಳಿ ಹೇಗೂ ಹೆದರುತ್ತಿರಲಿಲ್ಲ.