ಸಂತೆಗೆ ಹೋಗುವ ಪ್ಯಾಸೆಂಜರ್ ಗಾಡಿ

ಚೀನಾದ ಸಿಚುವಾನ್ ಪ್ರಾಂತ್ಯದ ಲಿಯಾಂಗ್‌ಶಾನ್ ಬೆಟ್ಟಸೀಮೆಯಲ್ಲಿ ಓಡುವ 5633 ನಂಬರಿನ ರೈಲಿಗೆ ಕೋಳಿ ಬುಟ್ಟಿಯೂ ಹತ್ತುತ್ತದೆ, ಮೇಕೆಯೂ ಹತ್ತುತ್ತದೆ. ಪುಶಿಯೊಂಗ್‌ನಿಂದ ಪಾನ್‌ಜಿಹ್ವಾಕ್ಕೆ 353 ಕಿಲೋಮೀಟರ್. ಹಳ್ಳಿಹಳ್ಳಿಗೂ ನಿಲ್ಲುತ್ತಾ ಸಾಗುವುದರಿಂದ ಹೆಚ್ಚು ಕಡಿಮೆ ಇಡೀ ಹಗಲು ಹಿಡಿಯುತ್ತದೆ. ಕನಿಷ್ಠ ದರ 2 ಯುವಾನ್. 1995ರಿಂದ ಅದು ಏರಿಲ್ಲ.

ಇಲ್ಲಿನ ಜನ ಹೆಚ್ಚಾಗಿ ಯಿ ಸಮುದಾಯದವರು. ಆಲೂಗಡ್ಡೆ, ಹುರುಳಿಗೋಧಿ ಬೆಳೆದು, ಕುರಿ ಹಂದಿ ಸಾಕಿ ಬದುಕುವವರು.

1970ರಲ್ಲಿ ಚೆಂಗ್ಡು–ಕುನ್ಮಿಂಗ್ ಮಾರ್ಗ ತೆರೆದಾಗ ಯಾರೂ ಇವರ ಸಂತೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯುದ್ಧದ ಭಯದಿಂದ ಕೈಗಾರಿಕೆಗಳನ್ನು ಒಳನಾಡಿಗೆ ಸಾಗಿಸುವ ಯೋಜನೆ ಅದು. ಪಾನ್‌ಜಿಹ್ವಾದ ಉಕ್ಕು ಅದರ ಗುರಿ. 1,096 ಕಿಲೋಮೀಟರಿನಲ್ಲಿ 427 ಸುರಂಗಗಳನ್ನು ಕೊರೆದದ್ದು ಅದಕ್ಕಾಗಿ. ಆ ಹಳಿಯನ್ನು ಯಿ ಜನರ ಪಾಲಿಗೂ ತಂದುಕೊಟ್ಟಿದ್ದು ಈ ನಿಧಾನದ ಗಾಡಿ. ಸೀಟು ತೆಗೆದು ಮೂಟೆಗಳಿಗೆ ಜಾಗ ಮಾಡಿದರು, ಜಾನುವಾರುಗಳಿಗೂ ಬೋಗಿಯಲ್ಲಿ ಎಡೆ ಕೊಟ್ಟರು. ಮಕ್ಕಳು ಇದರಲ್ಲೇ ಶಾಲೆಗೆ ಹೋಗಿಬರುತ್ತಾರೆ. ಸಣ್ಣ ರೈತನ ಸರಕಿನ ಅಳತೆಗೆ ರೈಲನ್ನೇ ಹೊಂದಿಸಿದ ಈ ಕ್ರಮ ನಿಜಕ್ಕೂ ಮೆಚ್ಚಬೇಕಾದ್ದು. ಭಾರಿ ಸೇತುವೆಗಳ ಉದ್ಘಾಟನೆಯಲ್ಲಿ ಇಂಥ ಕಾಳಜಿ ಸುಲಭವಾಗಿ ಕಾಣಸಿಗುವುದಿಲ್ಲ.

ಹಾಗೆಂದು ಗಾಡಿಯೊಂದೇ ಬಡತನ ಕಳೆಯಲಾರದು. ಸಂತೆ ಮುಟ್ಟಿಸುವುದು ಅದರ ಕೈಲಿದೆ, ಸಂತೆಯ ಬೆಲೆ ಅದರ ಕೈಲಿಲ್ಲ. ಬೆಟ್ಟದ ಮೇಲಿನ ಊರುಗಳಿಗೆ ಸ್ಟೇಷನ್ನೇ ದೂರ. ಝಾವೊಜುಯೆ ತಾಲ್ಲೂಕಿನ ಕಡಿದಾದ ಬಂಡೆಯ ಮೇಲಿನ ಅತುಲೆರ್ ಹಳ್ಳಿಯವರು 2016ರಲ್ಲಿ ಉಕ್ಕಿನ ಏಣಿ ಬರುವವರೆಗೆ ಬಳ್ಳಿಯ ಏಣಿ ಹಿಡಿದೇ ಇಳಿಯುತ್ತಿದ್ದರು. ಇನ್ನೊಂದು ಕಡೆ, ಇದೇ ಹಳಿಗಳು ಹರೆಯದವರನ್ನು ದೂರದ ಕಾರ್ಖಾನೆ ಪಟ್ಟಣಗಳಿಗೂ ಒಯ್ದಿವೆ. ದಾರಿ ತೆರೆದಲ್ಲಿ ಹಣ ಒಳಗೆ ಬರುವಂತೆ ದುಡಿಯುವ ಕೈಗಳು ಹೊರಗೂ ಹೋಗುತ್ತವೆ. ಅಭಿವೃದ್ಧಿಯ ವರದಿಗಳು ಈ ನಷ್ಟವನ್ನೂ ಬರೆದಿಡಬೇಕು.

2022ರ ಡಿಸೆಂಬರಿನಲ್ಲಿ ಚೆಂಗ್ಡು–ಕುನ್ಮಿಂಗ್ ನಡುವೆ ಹೊಸ ಜೋಡಿ ಹಳಿ ಮಾರ್ಗ ಪೂರ್ತಿಯಾಯಿತು. ಗಂಟೆಗೆ 160 ಕಿಲೋಮೀಟರ್ ವೇಗ. ಚೆಂಗ್ಡುವಿನಿಂದ ಲಿಯಾಂಗ್‌ಶಾನ್‌ನ ಶಿಚಾಂಗ್‌ ಪಟ್ಟಣಕ್ಕೆ ಸುಮಾರು ಮೂರು ಗಂಟೆಯ ಹಾದಿ. ದೊಡ್ಡಾಸ್ಪತ್ರೆಗೆ ಹೊರಟ ರೋಗಿಗೆ, ಕಾಲೇಜಿಗೆ ಹೊರಟ ಹುಡುಗಿಗೆ ಇದು ದೊಡ್ಡ ಅನುಕೂಲ. ಪ್ರವಾಸಿಗರೂ ಬರುತ್ತಾರೆ. ಆದರೆ ಆ ಮಾರ್ಗದ ವೇಗದ ರೈಲಿಗೆ ಕೋಳಿ ಬುಟ್ಟಿ ಹತ್ತಿಸುವಂತಿಲ್ಲ.

ಹಳೆಯ ಗಾಡಿಯ ಟಿಕೆಟ್ ಹಣ ಅದರ ಖರ್ಚಿಗೆ ಸಾಲದು. ಹೊಸ ಮಾರ್ಗ ಬಂದ ಮೇಲೂ ಅದನ್ನು ಓಡಿಸುತ್ತಿರುವುದು ಸರಿಯಾದ ನಿರ್ಧಾರ. ಆ ಕೊರತೆಯನ್ನು ಶಾಲೆಯ ಖರ್ಚಿನಂತೆ ಸರ್ಕಾರವೇ ಹೊರಬೇಕು, ಗಾಡಿ ನಿಲ್ಲಬಾರದು.