ರೀಲಿನ ಶುದ್ಧತೆ ಯಾರ ಚರ್ಮದ್ದು?

ಫಿಲ್ಮ್ ರೀಲಿನ ಕಾಲ ಮುಗೀತು ಅಂದಿದ್ದರು. 2012ರಲ್ಲಿ ಕೊಡಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಚರಮಗೀತೆ ಹಾಡಿದವರೂ ಇದ್ದರು. ರೀಲು ಸಾಯಲಿಲ್ಲ. 2024ರಲ್ಲಿ ಪೆಂಟಾಕ್ಸ್ ಕಂಪನಿ ಹೊಸದೊಂದು ಫಿಲ್ಮ್ ಕ್ಯಾಮೆರಾವನ್ನೇ ತಂದಿತು. ಜೇಬಿನ ಫೋನಿನಲ್ಲಿ ಸಾವಿರ ಫೋಟೊ ತೆಗೆಯಬಲ್ಲ ಹುಡುಗ ಹುಡುಗಿಯರು 36 ಫೋಟೊಗಳ ರೀಲಿಗೆ ಕಾಸು ಸುರಿದು, ತೊಳೆದು ಬರೋತನಕ ಕಾಯುತ್ತಾರೆ.

ಈ ಸೆಳೆತವನ್ನು ಹೀಯಾಳಿಸುವುದು ಸುಲಭ. ಆದರೆ ಅದರಲ್ಲಿ ಸತ್ಯ ಇದೆ. ಎಣಿಸಿ ಕೊಟ್ಟಷ್ಟೇ ಅವಕಾಶ ಇದ್ದಾಗ ಮನುಷ್ಯ ಗುಂಡಿ ಒತ್ತುವ ಮುಂಚೆ ಎದುರಿಗಿರುವವರನ್ನು ನೋಡುತ್ತಾನೆ. ಅವರ ಮುಖದ ಮೇಲೆ ಬಿದ್ದ ಬೆಳಕೇ ಬಂದು ಬೆಳ್ಳಿಯ ಲವಣವನ್ನು ಮುಟ್ಟಿ ಗುರುತು ಬಿಡುತ್ತದೆ. ನೆಗೆಟಿವ್ ಕೈಗೆ ಸಿಗುವ ವಸ್ತು.

ನನ್ನ ತಕರಾರು ಹೊಗಳುವ ಭಾಷೆಯ ಮೇಲೆ. ಫಿಲ್ಮ್ ಶುದ್ಧ, ಡಿಜಿಟಲ್ ಕಲಬೆರಕೆ ಅಂತಾರೆ. ಶುದ್ಧ ಅನ್ನೋ ಮಾತು ಕೇಳಿದ ಕೂಡಲೇ ನಮ್ಮಂಥವರ ಕಿವಿ ನೆಟ್ಟಗಾಗುತ್ತದೆ. ಯಾವುದು ಶುದ್ಧ ಸ್ವಾಮಿ? ಬೆಳ್ಳಿಯ ಕಣಗಳನ್ನು ಹಿಡಿದಿಟ್ಟಿರುವ ಜೆಲಟಿನ್, ದನದ ಮೂಳೆ ಚರ್ಮ ಬೇಯಿಸಿ ತೆಗೆದ ಅಂಟು. ಕೆಲವು ಜೆಲಟಿನ್ ಬಳಸಿದ ಫಿಲ್ಮ್ ಮಾತ್ರ ಬೆಳಕನ್ನು ಚೆನ್ನಾಗಿ ಹಿಡಿಯುವುದು ಯಾಕೆ ಅಂತ 1925ರಲ್ಲಿ ಕೊಡಾಕ್ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಕಂಡುಹಿಡಿದ. ದನ ಮೇಯ್ದ ಸಾಸಿವೆಯಂಥ ಗಿಡಗಳಿಂದ ಬಂದ ಗಂಧಕದ ಅಂಶವೇ ಕಾರಣ. ಸತ್ತ ದನದ ಚರ್ಮ ಸುಲಿದವರನ್ನು ಊರ ಹೊರಗಿಟ್ಟ ನಾಡಿನಲ್ಲಿ ಮದುವೆ ಫೋಟೊ, ಮಠದ ಸ್ವಾಮಿಗಳ ಫೋಟೊ ಎಲ್ಲ ಅಂಥ ಅಂಟಿನ ಮೇಲೇ ಮೂಡಿದವು.

ಬಣ್ಣದ ಕಥೆ ಬೇರೆ. 1950ರ ದಶಕದಿಂದ ಕೊಡಾಕ್ ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. ಅವಳ ಮೈಬಣ್ಣ ಸರಿ ಬಂದರೆ ಎಲ್ಲವೂ ಸರಿ. ಪಕ್ಕದಲ್ಲಿ ನಿಂತ ಕಪ್ಪು ಮುಖ ಎಷ್ಟೋ ಸಲ ಕತ್ತಲಲ್ಲಿ ಮುಳುಗಿಹೋಗುತ್ತಿತ್ತು. ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಬರೆದ ಹಾಗೆ, ಕಂದು ಬಣ್ಣ ಸುಧಾರಿಸಿ ಅಂತ ಒತ್ತಾಯ ತಂದವರು ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳು. ಮನುಷ್ಯರ ಮುಖಕ್ಕಿಲ್ಲದ ಮರ್ಯಾದೆ ಮೇಜು ಕುರ್ಚಿಗೆ!

ಬಂಡೆದ್ದವರೂ ಇದ್ದರು. ಅಮೆರಿಕದ ಪೊಲರಾಯ್ಡ್ ಕಂಪನಿಯ ಫಿಲ್ಮ್ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನು ಕಟ್ಟಿಹಾಕುವ ಪಾಸ್‌ಬುಕ್ಕಿನ ಫೋಟೊಗೆ ಬಳಕೆಯಾಗುತ್ತಿತ್ತು. 1970ರಲ್ಲಿ ಅದನ್ನು ತಿಳಿದು ಎದುರು ನಿಂತವರು ಅದೇ ಕಂಪನಿಯ ಕಪ್ಪು ಕೆಲಸಗಾರರು, ಕೆರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್. ಹಂಟರ್ ಕೆಲಸ ಕಳೆದುಕೊಂಡರು, ಹೋರಾಟ ಬಿಡಲಿಲ್ಲ. 1977ರಲ್ಲಿ ಕಂಪನಿ ಅಲ್ಲಿಂದ ಕಾಲ್ತೆಗೆಯಿತು.

ಹಾಗಂತ ಡಿಜಿಟಲ್ ಏನು ಸಾಚಾ ಅಲ್ಲ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ತಂತ್ರಾಂಶಗಳನ್ನು 2018ರಲ್ಲಿ ಜಾಯ್ ಬುವೊಲಾಮ್ವಿನಿ, ಟಿಮ್ನಿಟ್ ಗೆಬ್ರು ಪರೀಕ್ಷಿಸಿದರು. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ತಪ್ಪು ಶೇ. 34.7ರವರೆಗೂ ಹೋಗಿತ್ತು, ಬಿಳಿ ಗಂಡಸರಿಗೆ ಶೇ. 0.8 ದಾಟಲಿಲ್ಲ. ಯಂತ್ರ ಬದಲಾಯಿತು, ಅಳತೆಗೋಲು ಬದಲಾಗಲಿಲ್ಲ.

ಗೆಳೆಯರೆ, ರೀಲು ಹಾಕುವವರು ಹಾಕಲಿ, ಚೆಂದದ ಚಿತ್ರ ತೆಗೆಯಲಿ. ಆದರೆ ಅದರ ಬಗ್ಗೆ ಬರೆಯುವವರು ಎರಡು ಚರ್ಮದ ಲೆಕ್ಕ ಕೊಡಬೇಕು: ಬಣ್ಣ ಅಳೆಯಲು ಇಟ್ಟುಕೊಂಡ ಚರ್ಮ ಯಾರದು, ಚಿತ್ರದ ಅಡಿಗೆ ಹಾಸಿದ ಚರ್ಮ ಸುಲಿದವರು ಯಾರು?