‘ಡಾಕಘರ’ದ ಬಾಲನಟರು: ಒಂದು ರಸವಿಚಾರ

ರವೀಂದ್ರನಾಥ ಠಾಕೂರರ ‘ಡಾಕಘರ’ವು ಗಾತ್ರದಲ್ಲಿ ಚಿಕ್ಕ ನಾಟಕ. ೧೯೧೧ರಲ್ಲಿ ರಚಿತವಾಗಿ ೧೯೧೨ರಲ್ಲಿ ವಂಗಭಾಷೆಯಲ್ಲಿ ಪ್ರಕಟವಾದ ಈ ಕೃತಿಯನ್ನು ಕುರಿತು ವಿಮರ್ಶಕರು ಬರೆದಿರುವುದು ಅಲ್ಪವಲ್ಲ. ಆದರೆ ರಾಜನು ಯಾರು, ಅವನ ಪತ್ರವು ಏನು, ಅಂಚೆಯ ಮನೆಯು ಯಾವುದರ ಸಂಕೇತ ಎಂಬ ಪ್ರಶ್ನೆಗಳೇ ಸಾಮಾನ್ಯವಾಗಿ ಮುಂದೆ ನಿಲ್ಲುತ್ತವೆ. ಇದನ್ನು ಆಡಿದವರು ಯಾರು, ಆಡಿದುದರಿಂದ ಅವರಿಗೆ ಏನಾಯಿತು ಎಂಬ ಪ್ರಶ್ನೆಯು ಹಿಂದೆ ಉಳಿಯುತ್ತದೆ. ಶ್ರವ್ಯಕಾವ್ಯಕ್ಕೆ ಈ ಉಪೇಕ್ಷೆಯು ಸಲ್ಲಬಹುದು, ದೃಶ್ಯಕಾವ್ಯಕ್ಕೆ ಸಲ್ಲದು. ಒಂದು ದೇಶದ ಬಾಲಕನ ಬಾಳನ್ನು ಬೇರೊಂದು ದೇಶದ, ಬೇರೊಂದು ಮತದ ಮಕ್ಕಳು ಕೂಡಿ ಆಡಿ ತಮ್ಮದನ್ನಾಗಿ ಮಾಡಿಕೊಳ್ಳಬಲ್ಲರೆ? ಬಲ್ಲರಾದರೆ ಅದಕ್ಕೆ ಅಲಂಕಾರಶಾಸ್ತ್ರದಲ್ಲಿ ಉಪಪತ್ತಿಯುಂಟೆ? ಇದೇ ಪ್ರಕೃತ ವಿಚಾರ.

ಕಥಾವಸ್ತುವು ಸರಳವಾದುದು. ಅಮಲನು ಮಾಧವದತ್ತನ ಮನೆಯಲ್ಲಿ ಸಾಕುಮಗನಾಗಿ ಬೆಳೆಯುತ್ತಿರುವ ರೋಗಿಷ್ಠ ಬಾಲಕ. ಶರತ್ಕಾಲದ ಬಿಸಿಲೂ ಗಾಳಿಯೂ ಅವನಿಗೆ ವಿಷವೆಂದು ವೈದ್ಯನು ಶಾಸ್ತ್ರವಚನಗಳ ಬಲದಿಂದ ವಿಧಿಸಿ, ಅವನನ್ನು ಮನೆಯೊಳಗೇ ಇರಿಸುತ್ತಾನೆ. ಬಾಲಕನಿಗೆ ಉಳಿದಿರುವುದು ಬೀದಿಯ ಕಡೆಯ ಒಂದು ಕಿಟಕಿ. ಮೊಸರು ಮಾರುವವನು, ಕಾವಲುಗಾರ, ಊರಿನ ಮುಖಂಡ, ಹೂವಾಡಗಿತ್ತಿಯ ಮಗಳು ಸುಧೆ, ಬೀದಿಯ ಹುಡುಗರು, ಫಕೀರನ ವೇಷದ ಮುದುಕ ಠಾಕುರ್ದಾ, ಇವರೆಲ್ಲರೂ ಆ ಕಿಟಕಿಯ ಮುಂದೆ ಬಂದುಹೋಗುತ್ತಾರೆ. ಎದುರಿಗೆ ರಾಜನ ಅಂಚೆಯ ಮನೆಯು ಸ್ಥಾಪಿತವಾಗಿದೆಯೆಂದು ತಿಳಿದ ಬಾಲಕನು ತನಗೂ ರಾಜನಿಂದ ಪತ್ರ ಬರುವುದೆಂದು ಕಾಯತೊಡಗುತ್ತಾನೆ. ಮುಖಂಡನು ಪರಿಹಾಸಕ್ಕಾಗಿ ಬರಿಯ ಕಾಗದವನ್ನು ಪತ್ರವೆಂದು ತಂದುಕೊಡಲು, ಠಾಕುರ್ದಾ ಅದನ್ನು ನಿಜವೆಂದೇ ಗ್ರಹಿಸುತ್ತಾನೆ. ಕೊನೆಗೆ ರಾಜದೂತನೂ ರಾಜವೈದ್ಯನೂ ಬಂದು ಮುಚ್ಚಿದ ಬಾಗಿಲು ಕಿಟಕಿಗಳನ್ನು ತೆರೆಸುತ್ತಾರೆ; ನಕ್ಷತ್ರಗಳ ಬೆಳಕಿನಲ್ಲಿ ಬಾಲಕನು ನಿದ್ರಿಸುತ್ತಾನೆ. ತಾನು ಮರೆತಿಲ್ಲವೆಂದು ಅವನಿಗೆ ತಿಳಿಸುವಂತೆ ಸುಧೆಯು ಕೋರುವಲ್ಲಿ ನಾಟಕವು ಮುಗಿಯುತ್ತದೆ.

ದೇವಬ್ರತ ಮುಖರ್ಜಿಯವರ ಆಂಗ್ಲಾನುವಾದಕ್ಕೆ ೧೯೧೪ರಲ್ಲಿ ಮುನ್ನುಡಿಯನ್ನು ಬರೆದ ಐರಿಷ್ ಕವಿ ಯೇಟ್ಸನು, ಯೋಗ್ಯರಾದ ಪ್ರೇಕ್ಷಕರಲ್ಲಿ ಈ ನಾಟಕವು ಸೌಮ್ಯತೆಯನ್ನೂ ಶಾಂತಿಯನ್ನೂ ಉಂಟುಮಾಡುವುದೆಂದು ಅಭಿಪ್ರಾಯಪಟ್ಟನು. ಅಂದಿನಿಂದ ಇದು ಶಾಂತರಸಪ್ರಧಾನವಾದ ಕೃತಿಯೆಂಬ ಮತವು ರೂಢವಾಗಿದೆ. ಫಲವನ್ನು ನೋಡಿದರೆ ಈ ಮತವು ಅಯುಕ್ತವಲ್ಲ. ಆದರೆ ಶಾಂತಕ್ಕೆ ನಿರ್ವೇದವು ಸ್ಥಾಯಿಯೆಂಬ ಪಕ್ಷವನ್ನು ಹಿಡಿದವರಿಗೆ ಇಲ್ಲಿ ತೊಡಕುಂಟು. ಅಮಲನಲ್ಲಿ ನಿರ್ವೇದದ ಲೇಶವೂ ಇಲ್ಲ. ಬೆಟ್ಟವನ್ನು ಕಂಡರೆ ಅದರ ಆಚೆಗೆ ಹೋಗಬೇಕೆನ್ನುತ್ತಾನೆ. ಮೊಸರಿನವನನ್ನು ಕಂಡರೆ ತಾನೂ ಮೊಸರು ಮಾರಬೇಕೆನ್ನುತ್ತಾನೆ. ಅವನಲ್ಲಿ ಆದ್ಯಂತವಾಗಿ ಕಾಣುವುದು ಔತ್ಸುಕ್ಯ. ಶಾಸ್ತ್ರದಲ್ಲಿ ಅದು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದು ಮಾತ್ರ. ಕ್ಷಣಕಾಲ ತೋರಿ ಅಡಗಬೇಕಾದ ಆ ಭಾವಕ್ಕೆ ಕವಿಯು ಇಲ್ಲಿ ಸ್ಥಾಯಿಯ ಪೀಠವನ್ನು ಕೊಟ್ಟಿದ್ದಾನೆ. ಈ ನಾಟಕದ ಶಾಂತಿಯು ಲೋಕವನ್ನು ಬಿಟ್ಟವನದಲ್ಲ, ಲೋಕವನ್ನು ಬಯಸಿದವನದು. ಈ ಭೇದವನ್ನು ಗಮನಿಸದಿದ್ದರೆ ಮುಂದೆ ಹೇಳಲಿರುವ ಪ್ರಯೋಗದ ಅರ್ಥವೂ ಕೆಡುವುದು.

ಈ ಔತ್ಸುಕ್ಯಕ್ಕೆ ಕವಿಯು ಕೊಟ್ಟಿರುವ ಅನುಭಾವವು ವಿಚಾರಾರ್ಹವಾಗಿದೆ. ಪಾಂಚಮುಡಾ ಬೆಟ್ಟದ ಕೆಳಗೆ, ಶ್ಯಾಮಲಿ ನದಿಯ ಬದಿಯಲ್ಲಿ ಇರುವ ತನ್ನ ಊರನ್ನು ಮೊಸರಿನವನು ಹೆಸರಿಸಿದೊಡನೆ, ಎಂದೂ ಅಲ್ಲಿಗೆ ಹೋಗದ ಬಾಲಕನು ಅದನ್ನು ಕಂಡವನಂತೆ ವರ್ಣಿಸುತ್ತಾನೆ. ಅಷ್ಟಕ್ಕೆ ತೃಪ್ತನಾಗದೆ, ಬೀದಿಯಲ್ಲಿ ಮೊಸರನ್ನು ಕೂಗುವ ರಾಗವನ್ನು ತನಗೆ ಕಲಿಸೆಂದು ಕೇಳುತ್ತಾನೆ. ಪರರ ಬಾಳನ್ನು ತಿಳಿಯಲು ಪರರ ದನಿಯನ್ನು ತನ್ನ ಕೊರಳಿನಲ್ಲಿ ತಂದುಕೊಳ್ಳುವುದು: ಇದು ಅಭಿನಯವಲ್ಲದೆ ಮತ್ತೇನು? ಬೀದಿಯ ಹುಡುಗರ ಪ್ರಸಂಗದಲ್ಲಿಯೂ ಹೀಗೆಯೇ. ಅವರು ಕೋಲನ್ನೇ ನೇಗಿಲಾಗಿ ಮಾಡಿ, ತಮ್ಮಲ್ಲಿ ಇಬ್ಬರನ್ನು ಎತ್ತುಗಳನ್ನಾಗಿ ಮಾಡಿ, ಉಳುವ ಆಟಕ್ಕೆ ಹೊರಟವರು. ಹೊರಗೆ ಹೋಗಲಾರದ ಅಮಲನು ತನ್ನ ಆಟದ ಸಾಮಾನುಗಳನ್ನೆಲ್ಲ ಅವರಿಗೆ ಕೊಟ್ಟು, ತನ್ನ ಕಿಟಕಿಯ ಮುಂದೆಯೇ ಆಡಬೇಕೆಂದು ಬೇಡುತ್ತಾನೆ. ಕೊಟ್ಟವನು ಪ್ರೇಕ್ಷಕ, ಕೊಂಡವರು ನಟರು. ಗೋಡೆಯ ಒಳಗಿನವನಿಗೂ ಹೊರಗಿನವರಿಗೂ ಸಂಬಂಧವು ಏರ್ಪಟ್ಟುದು ಆಟದಿಂದ.

ಕನ್ನಡದಲ್ಲಿ ಮಕ್ಕಳ ಕ್ರೀಡೆಗೂ ಬಯಲಿನಲ್ಲಿ ಆಡುವ ಪ್ರಸಂಗಕ್ಕೂ ‘ಆಟ’ವೆಂಬ ಒಂದೇ ಮಾತು ಸಲ್ಲುವುದು ಆಕಸ್ಮಿಕವಲ್ಲ. ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ದೇವತೆಗಳು ಪಿತಾಮಹನನ್ನು ಬೇಡುವುದು ಕಣ್ಣಿಗೂ ಕಿವಿಗೂ ವಿಷಯವಾಗುವ ಒಂದು ಕ್ರೀಡನೀಯಕವನ್ನು, ಎಂದರೆ ಆಟಿಕೆಯನ್ನು. ಅದು ಸಾರ್ವವರ್ಣಿಕವಾಗಿರಬೇಕು, ವೇದಶ್ರವಣಕ್ಕೆ ಅಧಿಕಾರವಿಲ್ಲವೆನಿಸಿದವರಿಗೂ ಸಲ್ಲಬೇಕು ಎಂಬುದೂ ಅದೇ ಪ್ರಾರ್ಥನೆಯ ಅಂಗ. ನಾಟ್ಯವು ಹುಟ್ಟುವಾಗಲೇ ಬೇಲಿಯನ್ನು ದಾಟಲು ಹುಟ್ಟಿತೆಂಬುದು ಭರತಮುನಿಯ ಆಶಯ.

ಇನ್ನು ಪ್ರಯೋಗಗಳ ವಿಚಾರ. ೧೯೧೩ನೆಯ ಇಸವಿ ಮೇ ೧೭ರಂದು ಡಬ್ಲಿನ್ ನಗರದ ಅಬ್ಬೆ ನಾಟಕಶಾಲೆಯಲ್ಲಿ ಈ ನಾಟಕವು ಆಂಗ್ಲಭಾಷೆಯಲ್ಲಿ ಪ್ರದರ್ಶಿತವಾಯಿತು. ಅದು ಪ್ಯಾಟ್ರಿಕ್ ಪಿಯರ್ಸನು ೧೯೦೮ರಲ್ಲಿ ಸ್ಥಾಪಿಸಿದ್ದ ಸೇಂಟ್ ಎಂಡಾ ಶಾಲೆಯ ಸಹಾಯಾರ್ಥವಾಗಿ ನಡೆದ ಪ್ರದರ್ಶನ. ಅದೇ ಸಂದರ್ಭದಲ್ಲಿ ಆ ಶಾಲೆಯ ಹುಡುಗರು ಪಿಯರ್ಸನೇ ಐರಿಷ್ ಭಾಷೆಯಲ್ಲಿ ಬರೆದ ‘ಅನ್ ರೀ’, ಎಂದರೆ ‘ರಾಜ’, ಎಂಬ ನಾಟಕವನ್ನು ಆಡಿದರು. ಒಂದರಲ್ಲಿ ಬಾಲಕನು ರಾಜನನ್ನು ಕಾಯುತ್ತಾನೆ. ಇನ್ನೊಂದರಲ್ಲಿ ಬಾಲಕನೇ ರಾಜನಾಗಿ ಯುದ್ಧದಲ್ಲಿ ಮಡಿಯುತ್ತಾನೆ. ಪರಾಧೀನವಾಗಿದ್ದ ಎರಡು ದೇಶಗಳ ಎರಡು ಹೊಸ ಶಾಲೆಗಳ ಆದರ್ಶಗಳು ಅಲ್ಲಿ ಒಂದೇ ರಂಗದ ಮೇಲೆ ಕೂಡಿದುವು. ಆದರೆ ಅಲ್ಲಿ ಠಾಕೂರರ ನಾಟಕವನ್ನು ಆಡಿದವರು ರಂಗಶಾಲೆಯ ನಟರು. ಹುಡುಗರು ಆಡಿದುದು ತಮ್ಮದನ್ನು. ಎರಡು ದೀಪಗಳು ಒಂದೇ ಮಂಟಪದಲ್ಲಿ ಬೆಳಗಿದುವು. ಒಂದರಿಂದ ಮತ್ತೊಂದನ್ನು ಹಚ್ಚಿದಂತೆ ಆಗಲಿಲ್ಲ.

ಅಂತಹ ಪ್ರಯೋಗವು ನಡೆದುದು ವಾರ್ಸಾ ನಗರದಲ್ಲಿ, ೧೯೪೨ನೆಯ ಇಸವಿ ಜುಲೈ ೧೮ರಂದು. ಯಾನುಷ್ ಕೋರ್ಚಾಕರು ವೈದ್ಯರು, ಗ್ರಂಥಕರ್ತರು. ೧೯೧೨ರಿಂದ ಯೆಹೂದ್ಯ ಅನಾಥಮಕ್ಕಳ ಆಶ್ರಮವನ್ನು ನಡೆಸುತ್ತಿದ್ದವರು. ಮಕ್ಕಳೇ ನ್ಯಾಯಾಧೀಶರಾಗಿ ಕುಳಿತು ತೀರ್ಪು ಕೊಡುವ ನ್ಯಾಯಸ್ಥಾನವನ್ನು ಅಲ್ಲಿ ಏರ್ಪಡಿಸಿದ್ದರು. ಮಕ್ಕಳೇ ಬರೆಯುವ ವೃತ್ತಪತ್ರಿಕೆಯೊಂದನ್ನು ೧೯೨೬ರಲ್ಲಿ ಆರಂಭಿಸಿದ್ದರು. ೧೯೪೦ರಲ್ಲಿ ಜರ್ಮನರು ವಾರ್ಸಾದ ಯೆಹೂದ್ಯರನ್ನು ಗೋಡೆಯೊಳಗಿನ ಕೇರಿಗೆ ನೂಕಿದಾಗ ಆಶ್ರಮವೂ ಅಲ್ಲಿಗೆ ಹೋಗಬೇಕಾಯಿತು. ಹಸಿವು, ರೋಗ, ಮರಣಗಳ ನಡುವೆ ಆ ಮಕ್ಕಳು ‘ಡಾಕಘರ’ವನ್ನು ಪೋಲಿಷ್ ಭಾಷೆಯಲ್ಲಿ ಕಲಿತು, ಆಹೂತರಾದ ಸಭಿಕರ ಮುಂದೆ ಆಡಿದರು. ನಾಲ್ಕು ದಿನಗಳ ಮೇಲೆ, ಜುಲೈ ೨೨ರಂದು, ಕೇರಿಯ ಜನರನ್ನು ಟ್ರೆಬ್ಲಿಂಕಾದ ವಧಾಸ್ಥಾನಕ್ಕೆ ಸಾಗಿಸುವುದು ಮೊದಲಾಯಿತು. ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಸುಮಾರು ಇನ್ನೂರು ಮಕ್ಕಳನ್ನು ಒಯ್ದರು. ತಮ್ಮ ಪ್ರಾಣವನ್ನು ಉಳಿಸಿಕೊಳ್ಳುವ ಅವಕಾಶವನ್ನು ನಿರಾಕರಿಸಿದ ಕೋರ್ಚಾಕರು ಅವರೊಡನೆಯೇ ಹೋದರು. ಒಬ್ಬರೂ ಮರಳಲಿಲ್ಲ.

ಇಲ್ಲಿ ಶಾಸ್ತ್ರಜ್ಞರಿಗೆ ಒಂದು ಬಲವಾದ ಶಂಕೆಯು ಹುಟ್ಟುವುದು ಸಹಜ. ಅಭಿನವಗುಪ್ತಾಚಾರ್ಯರು ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಒಂದು, ಇದು ತನ್ನದು, ಇದು ಪರರದು ಎಂಬ ನಿಯಮದಿಂದ ದೇಶಕಾಲವಿಶೇಷಗಳ ಆವೇಶಕ್ಕೆ ಒಳಗಾಗುವುದು. ಇನ್ನೊಂದು, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ವಾರ್ಸಾದ ಮಕ್ಕಳಿಗೆ ಎರಡು ವಿಘ್ನಗಳೂ ಪೂರ್ಣವಾಗಿದ್ದುವು. ವಂಗದೇಶದ ಮೊಸರು ಮಾರುವವನನ್ನು ಅವರು ಕಂಡವರಲ್ಲ. ದುಃಖವೋ, ಬೇರೆ ದುಃಖವನ್ನು ಒಳಗೆ ಬಿಡದಷ್ಟು ಇದ್ದಿತು. ಹಾಗಾದರೆ ಅಲ್ಲಿ ಉಂಟಾದುದು ರಸವೆ, ಅಥವಾ ಸ್ವಶೋಕದ ಉದ್ರೇಕ ಮಾತ್ರವೆ? ಮುಚ್ಚಿದ ಮನೆಯ ಬಾಲಕನಲ್ಲಿ ಅವರು ತಮ್ಮನ್ನೇ ಕಂಡು ಅತ್ತಿದ್ದರೆ ಅದು ಕಾವ್ಯದ ಫಲವಲ್ಲವೆಂದು ಪೂರ್ವಪಕ್ಷವು ಹೇಳುತ್ತದೆ.

ಸಮಾಧಾನವು ಹೀಗಿದೆ. ಈ ವಿಘ್ನಗಳಿಗೆ ಆಚಾರ್ಯರೇ ಪರಿಹಾರವನ್ನೂ ಹೇಳಿದ್ದಾರೆ. ಮೊದಲನೆಯದಕ್ಕೆ ಪೂರ್ವರಂಗವಿಧಿ, ನಟನ ವೇಷಭೂಷೆಗಳು. ಎರಡನೆಯದಕ್ಕೆ ಗೀತವಾದ್ಯಗಳು, ವಿಚಿತ್ರವಾದ ಮಂಟಪ ಮೊದಲಾದ ಉಪರಂಜಕಗಳು. ಇವೆಲ್ಲವೂ ಪ್ರೇಕ್ಷಕನನ್ನು ಉದ್ದೇಶಿಸಿದ ಉಪಾಯಗಳು. ನಟನು ರಸಕ್ಕೆ ಪಾತ್ರೆಯೇ ಹೊರತು ಆಸ್ವಾದಕನಲ್ಲವೆಂದು ಅವರ ಮತ. ದಶರೂಪಕಕಾರನಾದ ಧನಂಜಯನಾದರೋ, ಕಾವ್ಯಾರ್ಥವನ್ನು ಭಾವಿಸುವುದರಿಂದ ನಟನಿಗೂ ಆಸ್ವಾದವು ಉಂಟಾಗುವುದಾದರೆ ಅದನ್ನು ತಡೆಯುವುದಿಲ್ಲ. ದೊಡ್ಡವರ ರಂಗದಲ್ಲಿ ಈ ಎರಡು ಪಕ್ಷಗಳಲ್ಲಿ ಯಾವುದು ಗ್ರಾಹ್ಯವೆಂಬುದು ಹಾಗಿರಲಿ; ಮಕ್ಕಳ ಆಟದಲ್ಲಿ ಧನಂಜಯನ ಪಕ್ಷವೇ ನಿಲ್ಲತಕ್ಕುದು. ಏಕೆಂದರೆ ಮಕ್ಕಳು ಮೊದಲು ತಮಗಾಗಿ ಆಡುತ್ತಾರೆ, ಸಭೆಯು ಆಮೇಲಿನದು. ಅಲ್ಲಿ ನಿರ್ಮಾಣವೇ ಆಸ್ವಾದದ ದ್ವಾರ.

ಮೊಸರಿನವನ ಪಾತ್ರವನ್ನು ವಹಿಸಿದ ಬಾಲಕನು ಆ ಕೂಗನ್ನು ಸರಿಯಾಗಿ ಕೂಗಬೇಕು. ಅಮಲನಾದವನು ಅದನ್ನು ಮೊದಲ ಸಲ ಕೇಳಿದವನಂತೆ ಬೆರಗಾಗಬೇಕು. ಒಬ್ಬನು ಮಾತನ್ನು ಮುಗಿಸುವ ತನಕ ಇನ್ನೊಬ್ಬನು ಕಾಯಬೇಕು. ಈ ಕಾರ್ಯದಲ್ಲಿ ತೊಡಗಿದಷ್ಟು ಹೊತ್ತು ಸ್ವದುಃಖವು ನಾಶವಾಗುವುದಿಲ್ಲ. ಆದರೆ ವಶಮಾಡಿಕೊಳ್ಳುವ ಅದರ ಶಕ್ತಿಯು ಕುಗ್ಗುತ್ತದೆ. ಗೀತವಾದ್ಯಗಳು ಪ್ರೇಕ್ಷಕನಿಗೆ ಮಾಡುವ ಉಪಕಾರವನ್ನು ಕೂಡಿ ಮಾಡುವ ಕೆಲಸವು ಬಾಲನಟನಿಗೆ ಮಾಡುತ್ತದೆ. ಅಮಲನು ಯೆಹೂದ್ಯನೂ ಆಗಲಿಲ್ಲ, ಆ ಮಕ್ಕಳು ವಂಗೀಯರೂ ಆಗಲಿಲ್ಲ. ಬೀದಿಯನ್ನು ಬಯಸುವ ಬಾಲಕನೆಂಬ ಒಂದು ಸಾಧಾರಣರೂಪವು ಉಭಯರಿಗೂ ಸೇರಿದುದಾಯಿತು. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದುದಕ್ಕೆ ಇದಕ್ಕಿಂತ ಕಠಿನವಾದ ನಿಕಷವು ಸಿಕ್ಕುವುದು ದುರ್ಲಭ.

ಮಕ್ಕಳಿಗೆ ಮರಣವನ್ನು ಶಾಂತವಾಗಿ ಎದುರುಗೊಳ್ಳಲು ಕಲಿಸುವುದಕ್ಕಾಗಿ ಕೋರ್ಚಾಕರು ಈ ನಾಟಕವನ್ನು ಆರಿಸಿದರೆಂದು ಪ್ರಸಿದ್ಧಿಯುಂಟು. ಉದ್ದೇಶವು ಹಾಗೆಯೇ ಇದ್ದಿರಬಹುದು. ಆದರೆ ಕೃತಿಯು ಕಲಿಸುವುದು ಅಷ್ಟನ್ನೇ ಅಲ್ಲ. ಮರಣವು ಬರುವುದು ಕೊನೆಯ ಕೆಲವು ಕ್ಷಣಗಳಲ್ಲಿ. ಅದಕ್ಕೆ ಮುಂಚಿನದೆಲ್ಲವೂ ಬದುಕಿನ ಹಂಬಲ. ತಿಂಗಳುಗಟ್ಟಲೆ ಗೋಡೆಯೊಳಗೆ ಇದ್ದ ಮಕ್ಕಳು ಆ ದಿನ ಬೆಟ್ಟವನ್ನೂ ನದಿಯನ್ನೂ ಹೂವನ್ನೂ ಬಾಯ್ತುಂಬ ಹೆಸರಿಸಿದರು. ಇದನ್ನು ಬಿಟ್ಟು ಆ ಪ್ರಯೋಗವನ್ನು ವೈರಾಗ್ಯದ ಪಾಠವೆಂದಷ್ಟೇ ಎಣಿಸುವುದು ಕವಿಗೂ ಆ ಮಕ್ಕಳಿಗೂ ಅನ್ಯಾಯ.

ಇಂತಹ ಸಾಧಾರಣ್ಯವು ಯಾರನ್ನೂ ಉಳಿಸಲಿಲ್ಲವಲ್ಲ, ಅದರಿಂದ ಫಲವೇನೆಂಬ ಎರಡನೆಯ ಶಂಕೆಯುಂಟು. ಕಾವ್ಯವು ಶಸ್ತ್ರದ ಕೆಲಸವನ್ನು ಮಾಡುವುದೆಂದು ಯಾವ ಆಲಂಕಾರಿಕನೂ ಹೇಳಿಲ್ಲ. ಕಲೆಯು ಜನಾಂಗಗಳನ್ನು ಕೂಡಿಸುವುದೆಂಬ ಸುಲಭವಾದ ಸ್ತುತಿಯನ್ನು ಈ ನಿದರ್ಶನದ ಮುಂದೆ ಉಚ್ಚರಿಸುವುದೂ ಉಚಿತವಲ್ಲ. ಮಕ್ಕಳನ್ನು ಕೊಂದವರ ನಾಡಿನಲ್ಲಿಯೇ ೧೯೨೧ರಲ್ಲಿ ಠಾಕೂರರ ಸಮಕ್ಷಮದಲ್ಲಿ ಇದೇ ನಾಟಕವು ಪ್ರದರ್ಶಿತವಾಗಿತ್ತು. ನೋಡಿದವರೆಲ್ಲರೂ ಸಹೃದಯರಾಗುವುದಿಲ್ಲ. ಸಾಧಿತವಾದುದು ಇಷ್ಟು: ಮನುಷ್ಯರಲ್ಲವೆಂದು ನಿರ್ಣೀತರಾದ ಮಕ್ಕಳು, ತಾವು ಎಂದೂ ಕಾಣದ ನಾಡಿನ ಬಾಲಕನಿಗೆ ದನಿಯನ್ನು ಕೊಟ್ಟು, ಮನುಷ್ಯತ್ವದ ಅಧಿಕಾರವನ್ನು ಸ್ವತಃ ಸ್ಥಾಪಿಸಿದರು. ಸಾರ್ವವರ್ಣಿಕವೆಂಬ ಮಾತು ಅಲ್ಲಿ ತನ್ನ ಪೂರ್ಣವಾದ ಅರ್ಥವನ್ನು ಪಡೆಯಿತು.

ಸಾಹಿತ್ಯವನ್ನು ಬೋಧಿಸುವವರಿಗೆ ಇದರಿಂದ ಒಂದು ಸೂಚನೆಯು ದೊರೆಯುತ್ತದೆ. ಬೇರೆ ಬೇರೆ ನಾಡುಗಳ ಮಕ್ಕಳನ್ನು ಅವರವರ ಉಡುಪಿನಲ್ಲಿ ಸಾಲಾಗಿ ನಿಲ್ಲಿಸಿ, ಅವರವರ ಹಾಡನ್ನು ಹಾಡಿಸಿದರೆ ಕುತೂಹಲವು ತಣಿಯಬಹುದು, ಸಂಬಂಧವು ಬೆಳೆಯದು. ಪರರ ಕೃತಿಯನ್ನು ಕೈಗೆ ಕೊಟ್ಟು, ಪಾತ್ರಗಳನ್ನು ಹಂಚಿಕೊಂಡು, ತಪ್ಪಿ ತಿದ್ದಿಕೊಂಡು ಆಡಲು ಬಿಡಬೇಕು. ಅನುವಾದವು ಭಾಷೆಯ ಗೋಡೆಯಲ್ಲಿ ಕಿಟಕಿಯನ್ನು ತೆರೆಯುತ್ತದೆ. ಆ ಕಿಟಕಿಯ ಮುಂದೆ ಆಟವನ್ನು ಹೂಡತಕ್ಕವರು ಮಕ್ಕಳೇ. ಸಹೃದಯನ ಲಕ್ಷಣವನ್ನು ಪ್ರೇಕ್ಷಕನಲ್ಲಿ ಮಾತ್ರ ಅರಸುತ್ತ ಬಂದಿರುವ ವಿಮರ್ಶೆಯು, ಆಡುವ ಮಗುವಿನಲ್ಲಿಯೂ ಅದನ್ನು ಪರೀಕ್ಷಿಸಿ ನೋಡುವುದು ಉಚಿತ.